ಪಿಸುದನಿಯ ಹಾಡು

ಹಾಡಿನ ನಡುವೆಯೇ ಹಾರ್ಮೋನಿಯಂ ನಿಂತದ್ದು ಯಾಕೆಂದು ಶೇವಂತಾಗೆ ತಿಳಿಯಲಿಲ್ಲ. ನಿಪ್ಪಾಣಿಯ ಆ ಪುಟ್ಟ ಚರ್ಚಿನಲ್ಲಿ ಇಪ್ಪತ್ತು ವರ್ಷಗಳ ಕಾಲ ಎಲ್ಲರ ಮುಂದೆ ನಿಂತು ಹಾಡಿದವಳು ಅವಳೇ. ಗಂಟಲಿನ ಆಪರೇಶನ್ ಆದಮೇಲೆ ಉಳಿದದ್ದು ಪಿಸುದನಿ ಮಾತ್ರ. ಚರ್ಚಿಗೆ ಬರುವುದನ್ನಷ್ಟೇ ಅಲ್ಲ, ಮನೆಯಲ್ಲಿ ಪ್ರಾರ್ಥನೆಯನ್ನೂ ಬಿಟ್ಟಿದ್ದಳು. ಇವತ್ತು ಪಕ್ಕದ ಮನೆಯ ಗಿರಿಜವ್ವನ ಒತ್ತಾಯಕ್ಕೆ ಬಂದು, ಯಾರ ಕಣ್ಣಿಗೂ ಬೀಳದಂತೆ ಕಡೇ ಸಾಲಿನಲ್ಲಿ ಕೂತಿದ್ದಳು.

ತಬಲಾ ಕೂಡ ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ. ಅರವತ್ತು ಮಂದಿ ಅದನ್ನು ಪಿಸುಗುಟ್ಟುತ್ತಿದ್ದರು! ಇಂಥದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಏನಾತ ಆಯಿ? ಎಲ್ಲಾರೂ ಯಾಕ ಹಿಂಗ ಹಾಡಾಕತ್ತಾರ?" ಗಿರಿಜವ್ವನ ಕಿವಿಗೆ ಬಾಯಿಟ್ಟು ಕೇಳಿದಳು.

"ನಿನ್ನ ದನಿ ಎಷ್ಟ ಐತಿ, ಅಷ್ಟರಾಗ ನಾವೂ ಹಾಡೂಣು ಅಂತ ಪಾಸ್ಟರು ಹೋದ ವಾರಾನ ಹೇಳ್ಯಾರ. ದೇವರಿಗೆ ಇಷ್ಟ ಸಾಕಂತ. ಮುಂದಿನ ಚರಣ ನೀ ಸುರು ಮಾಡವಾ."

ಶೇವಂತಾ ತಲೆ ಎತ್ತಿದಳು. ಮುಂದಿನ ಸಾಲಿನವರೆಲ್ಲ ಅವಳ ಕಡೆಗೇ ತಿರುಗಿ ಕೂತಿದ್ದರು. ಯಾರ ಮುಖದಲ್ಲೂ ಅಯ್ಯೋ ಪಾಪ ಎನ್ನುವ ಭಾವವಿರಲಿಲ್ಲ. ಎಂದಿನ ಭಾನುವಾರದಂತೆ ಕಾಯುತ್ತಿದ್ದರು, ಅಷ್ಟೇ. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಇದ್ದಷ್ಟು ಉಸಿರಿನಲ್ಲಿ ಎರಡನೇ ಚರಣ ಹಾಡಿದಳು. ಇಡೀ ಚರ್ಚು ಕಿವಿಗೊಟ್ಟು ಕೇಳಿ, ಅವಳ ಹಿಂದೆ ದನಿಗೂಡಿಸಿತು.