ಕಪ್ತಾನನ ಮಾತು

“ಕತ್ತರಿಸಿಬಿಟ್ಟಿದಾರೆ ಕಣೇ! ಕಪ್ತಾನನ ನಾಲಿಗೇನೇ ಕತ್ತರಿಸಿಬಿಟ್ಟಿದಾರೆ!”

ಅಣ್ಣ ಕೈಸನ್ನೆಯಲ್ಲೇ ಕಿರುಚಿದ. ವರ್ಕ್‌ಶಾಪಿನಿಂದ ಬಂದವನು ಇನ್ನೂ ಕೈ ತೊಳೆದಿರಲಿಲ್ಲ. ಬೀಸಿದ ರಭಸಕ್ಕೆ ತೋಳಿಗೆ ಅಂಟಿದ್ದ ಕಬ್ಬಿಣದ ಪುಡಿ ಸೋಫಾದ ಮೇಲೆ ಉದುರಿತು. ತಂಗಿ ಬಸ್ ನಿಲ್ದಾಣದ ಮೈಕಿನಲ್ಲಿ ದಿನವಿಡೀ ಬಸ್ಸುಗಳನ್ನು ಕೂಗಿ, ಗಂಟಲು ಕಟ್ಟಿಸಿಕೊಂಡು ಆಗಷ್ಟೇ ಬಂದು ಕೂತಿದ್ದಳು. ಟಿವಿಯಲ್ಲಿ ‘ಉಪ್ಪಿನ ಹಡಗು’ ಧಾರಾವಾಹಿಯ ಹಳೆಯ ಕಂತೊಂದು ನಡುವೆಯೇ ನಿಂತಿತ್ತು. ಬೋಳುತಲೆಯ ಕಪ್ತಾನ ಬಿರುಗಾಳಿಗೆ ಎದೆಯೊಡ್ಡಿ ನಿಂತಿದ್ದ.

ದೊಡ್ಡ ಕಂಪನಿಯೊಂದು ಆ ಧಾರಾವಾಹಿಯನ್ನು ಕೊಂಡುಕೊಂಡಿತೆಂಬ ಸುದ್ದಿ ಬಂದಾಗಿನಿಂದ ಅಣ್ಣನಿಗೂ, ಅವನ ಕಿವಿ ಕೇಳದ ಗೆಳೆಯರಿಗೂ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಕಪ್ತಾನನಿಗೆ ಕೂದಲು ಬರಿಸುತ್ತಾರೆ ಎಂದು ಒಬ್ಬ, ಹಡಗಿಗೆ ರೆಕ್ಕೆ ಕಟ್ಟುತ್ತಾರೆ ಎಂದು ಇನ್ನೊಬ್ಬ, ಮುದುಕನಿಗೆ ಹದಿಹರೆಯದ ಹುಡುಗಿಯನ್ನು ಗಂಟುಹಾಕುತ್ತಾರೆ ಎಂದು ಅವರಲ್ಲೊಬ್ಬನಾದ ದರ್ಜಿ ಹೆದರಿದ್ದರು. ಕಂಪನಿ ಅದ್ಯಾವುದನ್ನೂ ಮಾಡಲಿಲ್ಲ. ಮೊದಲಿಗೆ ಹಳೆಯ ಕಂತುಗಳಿಗೆ ಹೊಳಪು ಕೊಟ್ಟು ಮತ್ತೆ ಬಿಟ್ಟಿತು, ಅಷ್ಟೆ. ಜೊತೆಗೆ, ಅಭಿಮಾನಿಗಳು ಹಂಚಿಕೊಂಡಿದ್ದ ಸಬ್‌ಟೈಟಲ್‌ಗಳನ್ನು ಅಳಿಸಿ ತನ್ನವನ್ನು ಹಾಕಿತು. ಹಾಗೆ ಅಳಿಸಿಹೋದವೆಲ್ಲ ತಂಗಿ ಬರೆದವು. ಜ್ವರವೊಂದು ಅಣ್ಣನ ಕಿವಿಯನ್ನು ಕಸಿದುಕೊಂಡ ವರ್ಷದಿಂದ, ಪ್ರತಿ ಕಂತನ್ನೂ ಕೇಳಿ ಕೇಳಿ, ಮಾತನ್ನಷ್ಟೇ ಅಲ್ಲದೆ ಸದ್ದನ್ನೂ ಅವಳು ಅಕ್ಷರಕ್ಕೆ ಇಳಿಸಿಕೊಟ್ಟಿದ್ದಳು.

“ನೀನು ‘ಬಾಗಿಲು ಹಲ್ಲುನೋವಿನ ಅಜ್ಜನ ಹಾಗೆ ನರಳಿತು’ ಅಂತ ಬರ್ದಿದ್ದೆ. ಇವ್ರು ‘ಬಾಗಿಲ ಸದ್ದು’ ಅಂತಾರೆ. ಎಂಥಾ ಸದ್ದು? ನಾನೇನು ಬಾಗಿಲು ರಿಪೇರಿಗೆ ಬಂದೋನಾ?”

ತಂಗಿಗೆ ನಗು ಬಂತು. “ಹೋಗ್ಲಿ ಬಿಡಣ್ಣ,” ಎಂದಳು ಕೈಯಲ್ಲೇ.

“ಬಿಡೋದೇನು? ಬಿರುಗಾಳಿ ಬಂದಾಗ ಕಪ್ತಾನ ಏನಂತಿದ್ದ? ‘ಹೆದರಬೇಡ್ರೋ, ಇದು ಗಾಳಿಯಲ್ಲ, ನಮ್ಮತ್ತೆಯ ನಿಟ್ಟುಸಿರು!’ ಈಗ ಬರೀ ‘ಹಿಡ್ಕೊಳ್ಳಿ’ ಅಂತಾನೆ. ಕಪ್ತಾನನೋ ಬಸ್ ಕಂಡಕ್ಟರೋ? ನಮ್ಮಲ್ಲಿ ಕಿವಿ ಇರೋಳು ನೀನೊಬ್ಳೇ. ಅವನು ನಿಜವಾಗಿ ಏನಂತಾನೋ ಕೇಳಿ ಹೇಳು. ಎಲ್ರೂ ಸೇರಿ ಕಂಪನಿ ಮೇಲೆ ದೂರು ಕೊಡ್ತೀವಿ. ದರ್ಜಿ ಆಗ್ಲೇ ಬ್ಯಾನರ್ ಹೊಲಿದಿಟ್ಟಿದಾನೆ.”

ತಂಗಿಯ ನಗು ಅಲ್ಲೇ ನಿಂತಿತು. ಕಪ್ತಾನ ‘ಹಿಡ್ಕೊಳ್ಳಿ’ ಎಂದೇ ಹೇಳಿದ್ದ. ಕಂಪನಿಯವರು ಒಂದಕ್ಷರ ಆಚೀಚೆ ಮಾಡಿರಲಿಲ್ಲ. ಜ್ವರ ಬಿಟ್ಟ ಮೇಲೂ ಅಣ್ಣ ಯಾರ ಮುಖವನ್ನೂ ನೋಡದೆ ಗೋಡೆಗೆ ತಿರುಗಿ ಮಲಗಿರುತ್ತಿದ್ದ ಆ ದಿನಗಳಲ್ಲಿ, ಸಪ್ಪೆ ಸಾಲೊಂದರ ಜಾಗದಲ್ಲಿ ಅವಳೇ ಒಂದು ತಮಾಷೆ ಬರೆದಿದ್ದಳು. ಅಣ್ಣ ನಕ್ಕಿದ್ದ. ಆಮೇಲೆ ಅವಳ ಕೈ ನಿಲ್ಲಲಿಲ್ಲ.

“ಬಾಯಿ ನೋಡು ಅವನದ್ದು, ಬಾಯಿ!” ಅಣ್ಣ ದೃಶ್ಯವನ್ನು ಓಡಿಸಿದ. “ಅಷ್ಟುದ್ದದ ಮಾತು…”

ಕಪ್ತಾನನ ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಅಣ್ಣ ಹಿಂದಕ್ಕೆ ಹೋಗಿ ಮತ್ತೆ ನೋಡಿದ. ಇನ್ನೊಮ್ಮೆ ನೋಡಿದ. ಅವನ ಕೈ ಅರ್ಧ ಮಾತಿನಲ್ಲೇ ಗಾಳಿಯಲ್ಲಿ ನಿಂತಿತು.

“ಈ ಮುದುಕ ಭಾರಿ ಬೇಗಬೇಗ ಮಾತಾಡ್ತಾನೆ ಅಂದ್ಕೊಂಡಿದ್ದೆ ನಾನು,” ಎಂದ ನಿಧಾನವಾಗಿ.

ತಂಗಿ ಸೋಫಾದ ಮೇಲಿನ ಕಬ್ಬಿಣದ ಪುಡಿಯನ್ನು ಒರೆಸತೊಡಗಿದಳು.

“ಹಡಗಿನ ಬೆಕ್ಕು ಸತ್ತಾಗ ಅವನು ಹೇಳಿದ್ದು?” ಎಂದು ಕೇಳಿದ ಅಣ್ಣ.

‘ನೀನಿಲ್ಲ ಅಂತ ಇಲಿಗಳಿಗೆ ಇನ್ನೂ ಹೇಳಿಲ್ಲ ಕಣೋ.’ ಅಮ್ಮ ತೀರಿಹೋದ ವಾರ ಅಣ್ಣ ಆ ಸಾಲನ್ನು ತನ್ನ ಲೇತ್ ಮಷೀನಿನ ಮೇಲೆ ಬಣ್ಣದಲ್ಲಿ ಬರೆದುಕೊಂಡಿದ್ದ.

“ಅವನು ಆಗ ಏನೂ ಹೇಳ್ಲಿಲ್ಲ ಅಣ್ಣ,” ಎಂದಳು ತಂಗಿ. “ಬೆನ್ನು ತಿರುಗಿಸಿ ನಿಂತಿದ್ದ. ನಿಂಗೆ ಬಾಯಿ ಕಾಣ್ತಿರ್ಲಿಲ್ಲ.”

ಟೀಪಾಯಿಯ ಮೇಲೆ ಫೋನು ಮಿನುಗತೊಡಗಿತು. ದರ್ಜಿಯ ವಿಡಿಯೊ ಕರೆ. ಅಣ್ಣ ಅದನ್ನು ಬೋರಲು ಹಾಕಿದ.

“ಆಸ್ಪತ್ರೇಲಿ ಅಮ್ಮ ಹೇಳಿದ್ದು?”

ಆಮ್ಲಜನಕದ ಮಾಸ್ಕಿನೊಳಗೆ ಅಮ್ಮನ ತುಟಿ ಅಣ್ಣನಿಗೆ ಕಂಡಿರಲಿಲ್ಲ. ತಂಗಿ ಬಗ್ಗಿ ಕೇಳಿಸಿಕೊಂಡು ಕೈಯಲ್ಲಿ ಹೇಳಿದ್ದಷ್ಟೇ ಅವನಿಗೆ ಉಳಿದಿತ್ತು.

“ಅದು ಅಮ್ಮಂದೇ. ನಾನು ಒಂದಕ್ಷರಾನೂ ಸೇರ್ಸಿಲ್ಲ ಅಣ್ಣ. ನಿನ್ನಾಣೆ.”

ಅಣ್ಣ ಅವಳ ಮುಖವನ್ನು, ತಾನು ಕಡೆದ ಲೋಹದ ತುಂಡನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದ. ಆಮೇಲೆ ಎದ್ದು ಒಳಗೆ ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು. ಇನ್ನು ಮುಂದೆ ವೈದ್ಯರು ಹೇಳಿದ್ದನ್ನು, ಪಕ್ಕದ ಮನೆಯವರು ಹೇಳಿದ್ದನ್ನು ತಾನು ದಾಟಿಸಿದಾಗಲೆಲ್ಲ ಅವನು ಹೀಗೇ ನೋಡುತ್ತಾನೆ ಎಂದುಕೊಂಡು ತಂಗಿ ನೀರಿನ ಸದ್ದನ್ನೇ ಕೇಳುತ್ತ ಕೂತಳು.

ಅಣ್ಣ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲೇ ಕೂತ. ಹಳೆಯ ಕಂತನ್ನು ತೆಗೆದು, ಕಂಪನಿ ತಾನೇ ಮಾಡಿ ಅಂದಷ್ಟೇ ಬಿಟ್ಟಿದ್ದ ಹೊಸ ಕಂತನ್ನು ಹಾಕಿದ. ಇಬ್ಬರೂ ಅದನ್ನು ನೋಡಿರಲಿಲ್ಲ. ಸಬ್‌ಟೈಟಲ್ ಬಾರದಂತೆ ಮಾಡಿದ. ಆಮೇಲೆ, ತಾನೆಂದೂ ಮುಟ್ಟದಿದ್ದ ಗುಂಡಿಯನ್ನು ರಿಮೋಟಿನಲ್ಲಿ ಹುಡುಕಿ ಒತ್ತಿದ. ತೆರೆಯ ಮೂಲೆಯಲ್ಲಿ ಧ್ವನಿಯ ಹಸಿರು ಗೆರೆಗಳು ಒಂದೊಂದಾಗಿ ಮಾಯವಾದವು. ಅಲೆ, ಗಾಳಿ, ಸಂಗೀತ ಎಲ್ಲ ನಿಂತುಹೋಯಿತು. ಕಪ್ತಾನ ಇತ್ತ ತಿರುಗಿ ಬಾಯಿ ತೆರೆದ.

“ನೀನೂ ಕೇಳಿಸ್ಕೋಬೇಡ,” ಎಂದ ಅಣ್ಣ. “ಈಗ ಹೇಳು. ಏನಂತಾನೆ?”