ಕಡಲೆಹಿಟ್ಟಿನ ಮಹಿಮೆ

ಮೊಡವೆಗಳ ದೆಸೆಯಿಂದ ಎರಡು ಸಂಬಂಧ ತಪ್ಪಿಹೋದ ಮೇಲೆ ತೇಜಸ್ವಿನಿ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದಳು. ಅವರು ಬರೆದುಕೊಟ್ಟ ಮುಲಾಮು ಹಚ್ಚಿ ನಾಲ್ಕು ತಿಂಗಳಿಗೆ ಮುಖ ತಿಳಿಯಾಗಿತ್ತು. ಮೂರನೆಯ ಗಂಡಿನ ಕಡೆಯವರು ಬರುವ ದಿನ ಅವಳ ತಾಯಿ ಟ್ಯೂಬನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರು.

"ಕೇಳಿದ್ರೆ ಕಡಲೆಹಿಟ್ಟು ಅನ್ನು. ಮುಲಾಮು ಅಂದ್ಯೋ, ಚರ್ಮರೋಗ ಅಂತ ಊರೆಲ್ಲ ಸಾರ್ತಾರೆ."

ಬಂದವರು ಮೂವರು. ಹುಡುಗನಿಗೆ ಫೋನ್ ಬಂದಿದೆ, ಮಾತು ಮುಗಿಸಿ ಬರುತ್ತಾನೆ ಎಂದರು. ಉಪ್ಪಿಟ್ಟು, ಕೇಸರಿಬಾತ್ ಮುಗಿದರೂ ಆ ಮಾತು ಮುಗಿಯಲಿಲ್ಲ. ಹುಡುಗನ ತಾಯಿ ಮಾತ್ರ ಕನ್ನಡಕ ಏರಿಸಿ ತೇಜಸ್ವಿನಿಯ ಕೆನ್ನೆಯನ್ನೇ ನೋಡುತ್ತಿದ್ದರು. ಆ ನೋಟದ ಗುರುತು ಅವಳಿಗಿತ್ತು. ಹಿಂದಿನವರೂ ಹೀಗೇ ನೋಡಿ ಎದ್ದುಹೋಗಿದ್ದರು.

"ಮುಖಕ್ಕೆ ಏನು ಹಚ್ತೀಯಮ್ಮ?"

"ಕಡಲೆಹಿಟ್ಟು," ಎಂದು ಅವಳ ತಾಯಿಯೇ ಹೇಳಿದರು. "ನಮ್ಮ ಹುಡುಗಿ ಸೋಪು ಕೂಡ ಮುಟ್ಟಲ್ಲ."

ಹುಡುಗನ ತಾಯಿ ಕುರ್ಚಿಯನ್ನು ತೇಜಸ್ವಿನಿಯ ಹತ್ತಿರಕ್ಕೆ ಎಳೆದುಕೊಂಡರು.

"ಕಡಲೆಹಿಟ್ಟು ನಾವೂ ಆರು ತಿಂಗಳು ಹಚ್ಚಿ ನೋಡಿದ್ವಿ ಕಣಮ್ಮ. ಯಾವ ಮುಲಾಮು ಅಂತ ನೀನೇ ಹೇಳಿಬಿಡು. ಈ ಮೊಡವೆ ಮುಖ ಇಟ್ಕೊಂಡು ಹೆಣ್ಣು ನೋಡೋಕೆ ಹೆಂಗೆ ಬರ್ಲಿ ಅಂತ ನನ್ನ ಮಗ ಕಾರಲ್ಲೇ ಕೂತಿದ್ದಾನೆ."