ಗುಂಡಮ್ಮನ ಗೋಡೆ

ಅಷ್ಟೂರ ದಾರಿಯ ಹಳೇ ಗುಮ್ಮಟದ ಮುಂದೆ ಟಾಂಗಾ ಬಂದು ನಿಂತಾಗ ಗುಂಡಮ್ಮನ ಉಡಿಯ ತುಂಬ ಸೆಗಣಿಯ ಒಣ ಕುಳ್ಳು. ಹಿಂದಿನ ದಿನವಷ್ಟೇ ಬೀದರಿನಿಂದ ಡಂಗುರದವನು ಬಂದು ಮೂಗಿನಲ್ಲೇ ರಾಗ ಎಳೆದಿದ್ದ: "ಹಳೀ ಇಮಾರತ ನೋಡ್ಲಾಕ ದೇಶದೇಶದ ಮಂದಿ ಬರ್ತಾರಪ್ಪೋ! ಇಮಾರತ ಕೆಡಿಸಿದವರನ್ನ ಸರ್ಕಾರ ಹೊರಗ ಹಾಕ್ತದಪ್ಪೋ!" ಗುಂಡಮ್ಮನ ಸಂಸಾರವಿದ್ದದ್ದೇ ಗುಮ್ಮಟದ ಬದಿಯ ಕಮಾನಿನೊಳಗೆ. ಬೇರೆ ಸೂರಿಲ್ಲ. ಗುಮ್ಮಟದ ಒಂದು ಗೋಡೆಯ ತುಂಬ ಅವಳದೇ ಐದು ಬೆರಳು ಮೂಡಿದ ಕುಳ್ಳುಗಳು. ಬೇರೆ ಸಾಕ್ಷಿಯೇ ಬೇಡ. ನಸುಕಿನಿಂದ ಕೀಳುತ್ತಿದ್ದರೂ ಇನ್ನೂ ಅರ್ಧ ಗೋಡೆ ಬಾಕಿ.

ಇಳಿದವರು ನಿಜಾಮ ಸರ್ಕಾರದ ಪುರಾತನ ಕಟ್ಟಡಗಳ ಇಲಾಖೆಯ ಸಾಹೇಬರು. ಹಿಂದೆ ಗುಮಾಸ್ತ ನಜಮೋದ್ದೀನ. ಸಾಹೇಬರು ಉರ್ದುವಿನಲ್ಲಿ ಹರದಾರಿಯುದ್ದ ಮಾತಾಡಿದರು. ನಜಮೋದ್ದೀನ ಅದನ್ನು ಗೇಣಿಗಿಳಿಸಿದ.

"ಏನವ್ವಾ ಇದು?"

"ಕುಳ್ಳರೀ. ತೆಗೀಲಾಕ ಹತ್ತೀನಲ್ರಿ."

"ಕೆಳಗ ಕೆಮ್ಮಣ್ಣು ಮೆತ್ತಿದವರು ಯಾರು?"

ಸುಳ್ಳು ಹೇಳೋಣವೆಂದರೆ ನಾಲಿಗೆ ಹೊರಳಲಿಲ್ಲ. "ನಮ್ಮತ್ತಿರೀ. ಗೋಡಿ ಕನ್ನಡಿ ಹಂಗ ನುಣುಪಿತ್ತಂತ. ಬಡದ ಕುಳ್ಳೆಲ್ಲಾ ಜಾರಿ ಬೀಳತಿದ್ವಂತ. ಅದಕ್ಕ ಮದಲ ಮಣ್ಣು ಮೆತ್ತಿದ್ಲು. ಆಕಿ ಹೋದ ಮ್ಯಾಲ ನಾ ಬಡೀತೇನಿ. ತಪ್ಪಾತ್ರಿ ಯಪ್ಪಾ, ಮನಿ ಬಿಡಸಬ್ಯಾಡ್ರಿ."

ನಜಮೋದ್ದೀನ ಉರ್ದುವಿನಲ್ಲಿ ಹೇಳುತ್ತಿದ್ದಂತೆ ಸಾಹೇಬರ ಹುಬ್ಬು ಮೇಲೇರಿತು. ಕಿಸೆಯಿಂದ ಚಾಕು ತೆಗೆದು ಮಣ್ಣನ್ನು ಮೆಲ್ಲಗೆ ಕೆರೆದರು. ಟಾಂಗಾದಲ್ಲಿದ್ದ ಕುಡಿಯುವ ನೀರು ಸುರಿದು, ತಮ್ಮದೇ ಕರವಸ್ತ್ರದಿಂದ ಒರೆಸಿದರು. ಅಂಗೈಯಗಲದ ಹೆಂಚಿನ ಬಿಲ್ಲೆ ಹೊರಬಿತ್ತು: ಗಾಢ ನೀಲಿ, ಬಿಳಿ ಬಳ್ಳಿ, ನಡುವೆ ಒಂದು ಹಳದಿ ಹೂ. ಈಗಷ್ಟೇ ತೊಳೆದಿಟ್ಟ ತಟ್ಟೆಯ ಹಾಗೆ.

ಉಳಿದ ಮೂರು ಗೋಡೆಗಳಲ್ಲಿ ಬರೀ ಗುಳಿ. ನೋಡಲು ಬಂದ ದೊಡ್ಡವರೆಲ್ಲ ನೆನಪಿಗಿರಲೆಂದು ಒಂದೊಂದು ಬಿಲ್ಲೆ ಕಿತ್ತೊಯ್ದಿದ್ದರು. ಸೆಗಣಿಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ.

ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದು ನಕ್ಕರು. ಗುಂಡಮ್ಮನಿಗೆ ನಗುವಿನ ಅರ್ಥವಾಗದೆ ಜೀವ ಇನ್ನಷ್ಟು ಹಾರಿತು.

"ಅಂಜಬ್ಯಾಡವ್ವಾ," ಎಂದ ನಜಮೋದ್ದೀನ. "ನೀ ಇಲ್ಲೇ ಇರಬೇಕಂತ. ಇನ್ನ ಕುಳ್ಳು ಬಡಿಯಂಗಿಲ್ಲ. ಬಂದ ಮಂದಿಗೆ ಗೋಡಿ ತೋರಸ್ಬೇಕು, ಮುಟ್ಟಗೊಡಬಾರದು. ಚೌಕಿದಾರಿ ನಿಂದೇ."

ಗುಂಡಮ್ಮ ಬಿಗಿಹಿಡಿದ ಉಸಿರು ಬಿಟ್ಟಳು, ಜೊತೆಗೆ ಉಡಿಯನ್ನೂ. ಕುಳ್ಳೆಲ್ಲ ಸಾಹೇಬರ ಬೂಟಿನ ಮೇಲೆ ಉರುಳಿದವು.

ನಜಮೋದ್ದೀನ ನೇಮಕದ ಕಾಗದ ಬಿಚ್ಚಿದ. "ನಿನಕಿಂತ ಮೊದಲ ಈ ಗೋಡಿ ಕಾಯ್ದವರು ಯಾರು? ಈ ಖಾನೆ ಖಾಲಿ ಬಿಡಂಗಿಲ್ಲ ನೋಡು."

ಗುಂಡಮ್ಮ ಸ್ವಲ್ಪ ಯೋಚಿಸಿ, ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ್ದ ಎಮ್ಮೆಯ ಕಡೆ ಕೈ ಮಾಡಿದಳು.

ನಜಮೋದ್ದೀನ ಸಾಹೇಬರ ಮುಖ ನೋಡಿದ. ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು.

ಅವನು ಟಾಕನ್ನು ಮಸಿಯಲ್ಲಿ ಅದ್ದಿ ಕೇಳಿದ: "ಹೆಸರು?"